ಎಷ್ಟು ದೂರ ಓಡಿಸಬೇಕು

ಫೆಬ್ರವರಿ ೧೧

ತಮ್ಮನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋದರು ಎಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ಅಪ್ಪನಾದ ಮೇಲೆ ಉಳಿದಿರುವುದು ನಾನೊಬ್ಬಳು, ನಾನು ಹೋದರೆ ನಿನಗೆ ಕಾಗದ ಬರೆಯುವವರೇ ಇರುವುದಿಲ್ಲ. ಆದ್ದರಿಂದ ಗಾಬರಿಯಾಗದೆ ಕೂತು ಓದು.

ಅಪ್ಪನ ಕಾರಿನ ಎಂಜಿನ್ ಬಿಚ್ಚಿದ್ದೇನೆ. ಹೋದ ವರ್ಷ ಅವನು ತೀರಿಕೊಂಡಾಗಿನಿಂದ ಕಾರು ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಕೂತಿತ್ತು. ಸ್ಟಾರ್ಟ್ ಮಾಡಲು ಹೋದರೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಬೇರೆ ಕೆಲಸವಂತೂ ನನಗಿಲ್ಲ. ರೋಟರಿ ಎಂಜಿನ್ನಿನ ಕಾರು ಇಟ್ಟುಕೊಂಡವರು ಈಗ ಈ ಊರಲ್ಲಿ ಯಾರಿದ್ದಾರೆ ಹೇಳು.

ಭಾಗಗಳನ್ನೆಲ್ಲ ತೊಳೆದು ತಟ್ಟೆಗಳಲ್ಲಿ ಜೋಡಿಸಿಟ್ಟಿದ್ದೆ. ಪಕ್ಕದಂಗಡಿಯ ದರ್ಜಿ ಬಂದು ನೋಡಿ, "ಇದೇನಕ್ಕಾ, ಪಿಸ್ಟನ್ನೇ ಇಲ್ವಲ್ಲ, ಯಾರಾದ್ರೂ ಕದ್ಕೊಂಡು ಹೋದ್ರಾ?" ಎಂದ. ಎಲ್ಲರಿಗೂ ಹೇಳಿದ್ದನ್ನೇ ಅವನಿಗೂ ಹೇಳಿದೆ. ಇದರಲ್ಲಿ ಪಿಸ್ಟನ್ ಇರುವುದಿಲ್ಲ, ಮೂರು ಮೂಲೆಯ ರೋಟರ್ ಒಂದು ಹೌಸಿಂಗಿನೊಳಗೆ ಸುತ್ತುತ್ತದೆ, ಮೂಲೆಗೊಂದು ಸೀಲ್ ಇರುತ್ತದೆ, ಆ ಸೀಲುಗಳು ಹೌಸಿಂಗಿನ ಒಳಗೋಡೆಯನ್ನು ಸವರಿಕೊಂಡೇ ಹೋಗಬೇಕು, ಎಲ್ಲಿ ಸಂದು ಬಿಟ್ಟಿತೋ ಅಲ್ಲಿ ಗಾಳಿ ಸೋರಿ ಎಂಜಿನ್ನಿನ ದಮ್ಮು ಹೋಗುತ್ತದೆ. ಅವನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿ ಹೋದ. ಎಳ್ಳಷ್ಟೂ ತಿಳಿದಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇದರಲ್ಲಿರುವ ಎರಡು ರೋಟರುಗಳಲ್ಲಿ ಮುಂದಿನದು, ಅದರ ಹೌಸಿಂಗ್ ಎರಡೂ ಚೆನ್ನಾಗಿವೆ. ಹಿಂದಿನದರ ಸೀಲ್ ಒಂದು ಮುರಿದು, ಚೂರು ಒಳಗೇ ಓಡಾಡಿದೆ. ರೋಟರಿನ ಒಂದು ಮೂಲೆಯ ಪಕ್ಕ ತಗ್ಗು ಬಿದ್ದಿದೆ. ಅಂಚನ್ನು ಅರದಿಂದ ಸವರಿದ ಮೇಲೆ ಹೊಸ ಸೀಲ್ ತಾನು ಕೂರುವ ಸೀಳಿನಲ್ಲಿ ಸಲೀಸಾಗಿ ಆಡುತ್ತಿದೆ, ಹಾಗಾಗಿ ರೋಟರ್ ಇಟ್ಟುಕೊಳ್ಳುತ್ತೇನೆ. ಅನುಮಾನವಿರುವುದು ಹಿಂದಿನ ಹೌಸಿಂಗಿನದು. ಪ್ಲಗ್ಗಿನ ತೂತಿನ ಕೆಳಗೆ ಒಳಗೋಡೆಯ ಕ್ರೋಮ್ ಲೇಪ ಹೊಪ್ಪಳೆ ಎದ್ದಿದೆ. ಬೇರೆ ಹೌಸಿಂಗ್ ಎಲ್ಲೂ ಸಿಗುವುದಿಲ್ಲ, ಕೇಳಬೇಕಾದವರನ್ನೆಲ್ಲ ಕೇಳಿಯಾಯಿತು.

ಮೂವರೂ ಇದ್ದಾಗ ಇಂಥದ್ದಕ್ಕೆ ಒಂದು ಡಬ್ಬಿ ಇತ್ತು. ಒಬ್ಬೊಬ್ಬರೇ ಹೋಗಿ ಭಾಗವನ್ನು ನೋಡಿ, ಬಾಯಿ ಬಿಡದೆ ಡಬ್ಬಿಗೆ ಒಂದು ವಾಷರ್ ಹಾಕಿ ಬರುತ್ತಿದ್ದೆವು. ಇಡುವುದಾದರೆ ಹಿತ್ತಾಳೆಯದು, ಬಿಸಾಕುವುದಾದರೆ ಕಬ್ಬಿಣದ್ದು. ಸಂಜೆ ಅಪ್ಪ ಡಬ್ಬಿ ಬೋರಲು ಹಾಕಿ, ಯಾವುದು ಎರಡಿದೆಯೋ ಅದನ್ನು ಮಾಡುತ್ತಿದ್ದ. ಈಗ ನಾನೊಬ್ಬಳೇ ಹಾಕಿ ನಾನೇ ಬೋರಲು ಹಾಕಿದರೆ ನಗು ಬರುತ್ತದೆ. ದರ್ಜಿಯ ಹತ್ತಿರ ತೆಳು ಕಾಗದ ತಂದು, ಹೌಸಿಂಗಿನ ಒಳಗೋಡೆಯ ಮೇಲಿಟ್ಟು ಪೆನ್ಸಿಲ್ ಉಜ್ಜಿ, ಗಾಯದ ಅಚ್ಚು ತೆಗೆದು ಇದರ ಜೊತೆ ಇಟ್ಟಿದ್ದೇನೆ. ನೋಡಿ ಹೇಳು, ಇಡಲೋ ಬಿಸಾಕಲೋ.

ಈ ಎಂಜಿನ್ ನನಗೆ ಓಡಲೇಬೇಕು. ಯಾಕೆ ಎಂದು ಈಗ ಕೇಳಬೇಡ.

ಇಂತಿ,
ಅಕ್ಕ


ಮಾರ್ಚ್ ೨

ಅಕ್ಕ,

ಕಾಗದ, ಪೆನ್ಸಿಲ್ ಉಜ್ಜಿದ ಹಾಳೆ ಎರಡೂ ತಲುಪಿದವು. ಪೋಸ್ಟಿನವನು ಲಕೋಟೆಯನ್ನು ಮಡಚಿ ಜೇಬಿಗೆ ತುರುಕಿಕೊಂಡು ತಂದಿದ್ದಾನೆ. ಯಾವುದು ಕ್ರೋಮ್ ಎದ್ದ ಜಾಗ, ಯಾವುದು ಮಡಿಕೆಯ ಗೆರೆ ಎಂದು ಹೇಳಲಾಗುತ್ತಿಲ್ಲ.

ಕಣ್ಣಲ್ಲಿ ನೋಡದೆ, ಕೈಯಲ್ಲಿ ಮುಟ್ಟದೆ ಹೇಳುವ ಕೆಲಸ ಇದಲ್ಲ ಎಂದು ನಿನಗೂ ಗೊತ್ತು. ನಾನು ರೋಟರಿ ಮುಟ್ಟಿ ಎಷ್ಟೋ ಕಾಲವಾಯಿತು. ಇಲ್ಲಿರುವುದು ಮೂರು ಪಂಪು. ಕೆಳಗಿನ ನೀರನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸುವುದು ಅವುಗಳ ಕೆಲಸ, ಅವುಗಳಿಗೆ ಎಣ್ಣೆ ಹಾಕುವುದು ನನ್ನ ಕೆಲಸ. ರೋಟರಿ ಬಿಟ್ಟು ಬೇರೆ ಎಂಜಿನ್ನಿಗೆ ಪಾನಾ ಹಚ್ಚುವುದಿಲ್ಲ ಎಂದು ಹಟ ಹಿಡಿದವರು ನೀನು, ಅಪ್ಪ. ಅಷ್ಟು ಹಟ ಹಿಡಿದವಳಿಗೆ ಈ ಹೌಸಿಂಗಿನ ಉತ್ತರವೂ ಗೊತ್ತಿರಬೇಕಲ್ಲ.

ಆದರೂ ಕೇಳಿದ್ದೀಯ ಎಂದು ಕೇಳುತ್ತೇನೆ. ಮಸಿ ಪೂರ್ತಿ ತೆಗೆದು ಅಚ್ಚು ತೆಗೆದೆಯೋ, ಮಸಿಯ ಸಮೇತವೋ? ಕ್ರೋಮ್ ಎದ್ದಿರುವುದು ಅಂಚಿಗೋ, ಸೀಲ್ ಓಡುವ ದಾರಿಯಲ್ಲೋ? ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೋ? ಎಲ್ಲಕ್ಕಿಂತ ಮುಖ್ಯ, ಎಷ್ಟು ದೂರ ಓಡಿಸಬೇಕು? ಸಂತೆಗೆ ಹೋಗಿ ಬರುವುದಕ್ಕಾದರೆ ಒಂದು ಮಾತು, ದೂರದ ಪ್ರಯಾಣಕ್ಕಾದರೆ ಬೇರೆ ಮಾತು.

ತಮ್ಮ


ಮಾರ್ಚ್ ೨೦

ತಮ್ಮನಿಗೆ,

ನಿನ್ನ ಕಾಗದದಲ್ಲಿ ಪಂಪಿನ ಕ್ಷೇಮ ಇತ್ತು, ನಿನ್ನದು ಇರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಾನೇ ಅಂದುಕೊಂಡಿದ್ದೇನೆ.

ಮಸಿ ತೆಗೆದೇ ಅಚ್ಚು ತೆಗೆದೆ, ನನಗೆ ಅಷ್ಟೂ ಗೊತ್ತಿಲ್ಲವೇನೋ. ಎದ್ದಿರುವುದು ಅಂಚಿನಿಂದ ಶುರುವಾಗಿ ಸೀಲಿನ ದಾರಿಯೊಳಕ್ಕೆ ಬಂದಿದೆ. ಮೇಲಿನಿಂದ ಉಗುರು ಆಡಿಸಿದರೆ ಜಾರುತ್ತದೆ, ಕೆಳಗಿನಿಂದ ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಸೀಲ್ ಬರುವುದು ಮೇಲಿನಿಂದ. ಅದೇ ನನ್ನ ತಲೆ ತಿನ್ನುತ್ತಿರುವುದು. ಪೂರ್ತಿ ಕೆಟ್ಟಿದ್ದರೆ ಗುಜರಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ, ಇದು ಹಾಗೂ ಅಲ್ಲ ಹೀಗೂ ಅಲ್ಲ.

ಹಟದ ಮಾತು ಎತ್ತಿದ್ದೀಯ. "ನೀವಿಬ್ರೂ ಆ ಎಂಜಿನ್ ತಬ್ಬಿಕೊಂಡು ಒಟ್ಟಿಗೇ ತುಕ್ಕು ಹಿಡೀರಿ" ಎಂದು ಹೇಳಿ ಹೋದವನು ನೀನು. ಅಪ್ಪ ಆಮೇಲೆ ಎಷ್ಟೋ ದಿನ ಅದನ್ನೇ ಹೇಳಿಕೊಂಡು ನಗುತ್ತಿದ್ದ. ಎಣ್ಣೆ ಹಚ್ಚುವಾಗಲೆಲ್ಲ "ನಮಗೂ ಒಂಚೂರು ಹಚ್ಕೊಳ್ಳೋಣಮ್ಮಾ" ಎನ್ನುತ್ತಿದ್ದ. ಅವನಿಗೆ ನಿನ್ನ ಮೇಲೆ ಸಿಟ್ಟು ಇರಲಿಲ್ಲ. ನನಗಿತ್ತು. ಈಗ ಇದೆಯೋ ಇಲ್ಲವೋ ಎಂದು ಹುಡುಕಿ ನೋಡುವಷ್ಟು ಪುರುಸೊತ್ತಿದೆ, ಆದರೂ ನೋಡಿಲ್ಲ.

ಎಷ್ಟು ದೂರ ಎಂದರೆ, ಓಡುವಷ್ಟು ದೂರ. ಸದ್ಯಕ್ಕೆ ಅಷ್ಟು ಸಾಕು.

ಒಂದು ಕೆಲಸ ಮಾಡೋಣ. ಡಬ್ಬಿಯ ಪದ್ಧತಿಯನ್ನೇ ಅಂಚೆಯಲ್ಲಿ ನಡೆಸೋಣ. ಮೇ ಒಂದನೇ ತಾರೀಕು ನೀನು ಅಲ್ಲಿಂದ, ನಾನು ಇಲ್ಲಿಂದ ಲಕೋಟೆಯಲ್ಲಿ ಒಂದೊಂದು ವಾಷರ್ ಹಾಕಿ ಕಳಿಸುವುದು. ಒಬ್ಬರದು ನೋಡಿ ಇನ್ನೊಬ್ಬರು ಹಾಕುವಂತಿಲ್ಲ. ಅಲ್ಲಿಯವರೆಗೆ ಯೋಚನೆ ಮಾಡು. ಮಡಿಕೆಯಾಗದ ಹಾಗೆ ರಟ್ಟಿನ ನಡುವೆ ಇಟ್ಟು ಇನ್ನೊಂದು ಅಚ್ಚು ಕಳಿಸುತ್ತಿದ್ದೇನೆ.

ನಿನ್ನ ಅಕ್ಕ


ಮೇ ೧

ತಮ್ಮನಿಗೆ,

ಕಬ್ಬಿಣದ್ದು ಇಟ್ಟಿದ್ದೇನೆ. ಉಗುರು ಸಿಕ್ಕಿಕೊಳ್ಳುವ ಹೌಸಿಂಗನ್ನು ನಮ್ಮ ಗ್ಯಾರೇಜಿನಿಂದ ಯಾವತ್ತೂ ಹೊರಗೆ ಕಳಿಸಿಲ್ಲ. ಬಿಸಾಕುವುದೇ ಸರಿ.

ಅಕ್ಕ


ಮೇ ೧

ಅಕ್ಕ,

ಹಿತ್ತಾಳೆ ವಾಷರ್ ಇಲ್ಲಿ ಸಿಗುವುದೇ ಕಷ್ಟ. ಹಳೆಯ ನಲ್ಲಿಯೊಂದನ್ನು ಬಿಚ್ಚಿ ತೆಗೆದಿದ್ದೇನೆ. ಇಟ್ಟುಕೋ. ನಡೆಯುತ್ತದೆ.

ತಮ್ಮ


ಮೇ ೧೯

ತಮ್ಮನಿಗೆ,

ಲಕೋಟೆಯಿಂದ ಹಿತ್ತಾಳೆಯ ವಾಷರ್ ಬಿದ್ದಾಗ ಇದು ಬೇರೆ ಯಾರದೋ ಕಾಗದ ಇರಬೇಕು ಎಂದುಕೊಂಡೆ. ನೀನು ಹುಟ್ಟಿದಾಗಿನಿಂದ ಯಾವ ಹಳೆಯ ಭಾಗಕ್ಕೂ ಹಿತ್ತಾಳೆ ಹಾಕಿದವನಲ್ಲ. ಒಂದು ಸಲ ಬೋಲ್ಟಿನ ಬಣ್ಣ ಹೋಗಿದೆ ಎಂದು ಬಿಸಾಕಿ ಅಪ್ಪನ ಕೈಯಲ್ಲಿ ಬೈಸಿಕೊಂಡಿದ್ದೆ. ಅಂಥವನು ಕ್ರೋಮ್ ಎದ್ದ ಹೌಸಿಂಗನ್ನು ಇಟ್ಟುಕೋ ಅನ್ನುತ್ತೀಯ ಎಂದರೆ ಅದು ಸುಳ್ಳು ವಾಷರ್.

ಬೈಯುವ ಯೋಗ್ಯತೆ ನನಗೂ ಇಲ್ಲ ಬಿಡು. ನನ್ನದೂ ಸುಳ್ಳೇ. ನನ್ನ ಕೈ ಯಾವಾಗಲೂ ಹೋಗುವುದು ಹಿತ್ತಾಳೆಗೆ. ಇನ್ನೊಂದಿಷ್ಟು ದಿನ ನಡೆಯಲಿ ಎನ್ನುವವಳು ನಾನು. ನೀನು ಹೇಗಿದ್ದರೂ ಕಬ್ಬಿಣದ್ದೇ ಹಾಕುತ್ತೀಯ, ಇದೊಂದರಲ್ಲಾದರೂ ನಿನ್ನ ಮಾತಿಗೆ ನನ್ನ ಮಾತು ಸೇರಲಿ, ನಿನಗೆ ಸಮಾಧಾನವಾಗಲಿ ಎಂದು ಕಬ್ಬಿಣದ್ದು ಹಾಕಿದೆ. ನೀನು ನನ್ನ ಕಡೆ ಬಂದೆ, ನಾನು ನಿನ್ನ ಕಡೆ ಹೋದೆ, ಇಬ್ಬರೂ ದಾರಿಯಲ್ಲಿ ಒಬ್ಬರಿಗೊಬ್ಬರು ಸಿಗಲಿಲ್ಲ. ಅಪ್ಪ ಇದ್ದಿದ್ದರೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟುತ್ತಿದ್ದ.

ಈ ಪದ್ಧತಿ ಇಬ್ಬರಿಂದ ನಡೆಯುವುದಲ್ಲ. ಮೂರನೆಯವನೊಬ್ಬ ಇದ್ದಾಗ ಸುಳ್ಳು ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಹೌಸಿಂಗ್ ಇನ್ನೂ ಬೆಂಚಿನ ಮೇಲೇ ಇದೆ. ಬೆಳಿಗ್ಗೆ ಬಂದು ಒರೆಸುತ್ತೇನೆ, ಸಂಜೆ ಬಟ್ಟೆ ಮುಚ್ಚುತ್ತೇನೆ. ದಿನ ಹೋಗುತ್ತದೆ.

ನಿಜ ಬರೆದು ಕಳಿಸು.

ಅಕ್ಕ


ಜೂನ್ ೮

ಅಕ್ಕ,

ಸುಳ್ಳೇ. ನಿನಗೆ ಆ ಎಂಜಿನ್ ಬಿಟ್ಟರೆ ಬೇರೇನೂ ಉಳಿದಿಲ್ಲ, ಅದನ್ನೂ ಬಿಸಾಕು ಅಂತ ಹೇಗೆ ಬರೆಯುವುದು ಎಂದು ಹಿತ್ತಾಳೆ ಹುಡುಕಿಕೊಂಡು ಹೋದೆ. ನನ್ನ ನಿಜವಾದ ವಾಷರ್ ಕಬ್ಬಿಣದ್ದು. ಗಿರಾಕಿಯ ಕಾರಾಗಿದ್ದರೆ ಎರಡನೇ ಮಾತೇ ಇಲ್ಲ. ಆದರೆ ಇದು ಗಿರಾಕಿಯದಲ್ಲ, ಬೇರೆ ಹೌಸಿಂಗ್ ಸಿಗುವುದಿಲ್ಲ, ಅದಕ್ಕೇ ದೂರ ಎಷ್ಟು ಎಂದು ಕೇಳಿದ್ದು. ನೀನು ಅದನ್ನು ಬಿಟ್ಟು ಬೇರೆಲ್ಲ ಬರೆಯುತ್ತೀಯ.

ನನ್ನ ಕ್ಷೇಮ ಕೇಳಿದ್ದೆ. ಪಂಪ್ ಮನೆಗೆ ತಾಗಿಕೊಂಡ ಒಂದು ಕೋಣೆ. ಕಿಟಕಿ ತೆಗೆದರೆ ಟ್ಯಾಂಕಿನ ಗೋಡೆ ಕಾಣುತ್ತದೆ. ವಾರಕ್ಕೊಮ್ಮೆ ಮೀಟರ್ ನೋಡುವವನು ಮೋಟಾರ್ ಸೈಕಲ್ಲಿನಲ್ಲಿ ಬರುತ್ತಾನೆ, ಅವನು ಬರುವ ದಿನ ಗಡ್ಡ ಹೆರೆದುಕೊಳ್ಳುತ್ತೇನೆ. ಇತ್ತೀಚೆಗೆ ಎರಡನೇ ಪಂಪಿನ ಜೊತೆ ಜೋರಾಗಿ ಮಾತಾಡುವ ಚಾಳಿ ಹತ್ತಿದೆ. ಒಂದು ದಿನ ಅವನು ಕೇಳಿಸಿಕೊಂಡು, "ಯಾರ್ರೀ ಒಳಗೆ?" ಎಂದ. ನಾನು ಹಾಡು ಹೇಳಿಕೊಳ್ಳುತ್ತಿದ್ದೆ ಎಂದು ಹೇಳಿದೆ. ಅವನು ನಂಬಲಿಲ್ಲ. ನನಗೆ ಹಾಡು ಬರುವುದಿಲ್ಲ ಎಂದು ಮುಖದಲ್ಲೇ ಬರೆದಿದೆಯೋ ಏನೋ.

ಅಪ್ಪ ತೀರಿಕೊಂಡಾಗ ಬಂದವನು ಗ್ಯಾರೇಜಿನ ಬಾಗಿಲಲ್ಲೇ ನಿಂತು ಹೋದೆ. ನೀನು ಟೀ ಮಾಡಿ ಹೊರಗೆ ತರುವಷ್ಟರಲ್ಲಿ ನಾನಿರಲಿಲ್ಲ. ಒಳಗೆ ಕಾಲಿಟ್ಟಿದ್ದರೆ ಮತ್ತೆ ಹೊರಡುತ್ತಿರಲಿಲ್ಲ ಅಕ್ಕ. ನೀನು ಇರು ಎನ್ನುತ್ತೀಯೋ ಇಲ್ಲವೋ ಎಂದು ಗೊತ್ತಿಲ್ಲದೆ ಕಾಲಿಡುವುದು ಹೇಗೆ?

ಇರಲಿ. ವಾದ ಬೇಡ, ಪರೀಕ್ಷೆ ಮಾಡೋಣ. ಅದೇ ಹೌಸಿಂಗ್ ಹಾಕಿ ಎಂಜಿನ್ ಜೋಡಿಸು. ಪ್ಲಗ್ ಹಾಕಬೇಡ. ದೊಡ್ಡ ಪಾನಾದಿಂದ ಕೈಯಲ್ಲೇ ತಿರುಗಿಸಿ ಪ್ಲಗ್ ತೂತಿನ ಹತ್ತಿರ ಕಿವಿ ಇಟ್ಟು ಕೇಳು. ಒಂದೊಂದು ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಮೂರು ಸಲ ಉಸಿರು ಬರಬೇಕಲ್ಲ, ಸಮನಾಗಿ ಬರುತ್ತದೆಯೋ ಇಲ್ಲವೋ ಬರೆ.

ತಮ್ಮ


ಜುಲೈ ೧೪

ತಮ್ಮನಿಗೆ,

ಜೋಡಿಸಿದೆ. ಬರೆಯಲು ಇಷ್ಟು ತಡವಾದದ್ದು ಅದಕ್ಕೇ. ನಡುವಿನ ಪ್ಲೇಟು ಇಳಿಸುವಾಗ ಒಬ್ಬರು ಶಾಫ್ಟನ್ನು ಬೆರಳಷ್ಟು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಪ್ಲೇಟನ್ನು ನೇರಕ್ಕೆ ಇಳಿಸಬೇಕು ಎಂಬುದು ನಿನಗೆ ನೆನಪಿರಬೇಕು. ಎತ್ತುವವನು ನೀನಾಗಿದ್ದೆ. ಈ ಸಲ ಶಾಫ್ಟಿನ ಕೆಳಗೆ ಮರದ ಬೆಣೆ ಕೊಟ್ಟು, ಪ್ಲೇಟನ್ನು ಚೈನಿನಿಂದ ತೂಗು ಹಾಕಿ ಒಬ್ಬಳೇ ಇಳಿಸಿದೆ. ಇನ್ನೇನು ಕೂತಿತು ಎನ್ನುವಾಗ ಪ್ಲೇಟು ಓರೆಯಾಗಿ ಸೀಲೊಂದು ಜಾರಿ ಬೀಳುತ್ತಿತ್ತು. ಮತ್ತೆ ಎಲ್ಲ ಬಿಚ್ಚುವುದು, ವ್ಯಾಸಲೀನ್ ಹಚ್ಚಿ ಅಂಟಿಸುವುದು, ಮತ್ತೆ ಇಳಿಸುವುದು. ಒಂದು ಸಲ ಹಾಗೇ ನೆಲದ ಮೇಲೆ ಕೂತು ಅತ್ತೆ. ಸೀಲು ಬಿದ್ದದ್ದಕ್ಕಲ್ಲ. ಎರಡು ಕೈಗೆ ಇನ್ನೆರಡು ಕೈ ಸೇರಿದ್ದರೆ ಇದು ಟೀ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಕಿವಿ ಇಟ್ಟು ಕೇಳು ಎಂದೆ. ನಾನು ಅಂಗೈ ಇಟ್ಟು ನೋಡಿದೆ. ಮುಂದಿನ ರೋಟರಿನ ಮೂರು ಉಸಿರೂ ಅಂಗೈಗೆ ಗಟ್ಟಿಯಾಗಿ ಬಡಿದವು. ಹಿಂದಿನದು ಮೂರೂ ಸಮನಾಗಿವೆ, ಆದರೆ ಮೂರೂ ಮೆತ್ತಗೆ. ಮಲಗಿದ ಮಗು ಉಸಿರು ಬಿಟ್ಟ ಹಾಗೆ.

ಅಂಗೈ ಯಾಕೆ ಎಂದು ಕೇಳುತ್ತೀಯ. ನನಗೆ ಕಿವಿ ಕೇಳಿಸುವುದಿಲ್ಲ. ಒಂದು ಕಿವಿ ಅಪ್ಪ ಇದ್ದಾಗಲೇ ಹೋಗಿತ್ತು, ಇನ್ನೊಂದೂ ಅವನಾದ ಮೇಲೆ ಹೋಯಿತು. ಬದುಕಿಡೀ ಸೈಲೆನ್ಸರ್ ಇಲ್ಲದ ರೋಟರಿಯ ಪಕ್ಕ ನಿಂತವಳಿಗೆ ಇನ್ನೇನಾಗಬೇಕು. ಫೋನ್ ಮಾಡದೆ ಕಾಗದ ಬರೆದದ್ದು ಅದಕ್ಕೇ. ದರ್ಜಿ ಹೇಳಿದ ಎಂದು ನಾನು ಬರೆದದ್ದೆಲ್ಲ ಅವನು ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದ್ದು. ಮೊದಲು ಸಾಲುಗಟ್ಟಲೆ ಬರೆಯುತ್ತಿದ್ದ. ಈಗ ಅವನಿಗೂ ಬೇಸರ ಬಂದಿರಬೇಕು, ನಕ್ಕು ತಲೆಯಾಡಿಸಿ ಹೋಗುತ್ತಾನೆ. ತಪ್ಪು ಅವನದಲ್ಲ, ಅವನಿಗೂ ಹೊಲಿಗೆ ಇದೆ. ಸುತ್ತ ಎಲ್ಲರ ಬಾಯಿ ಆಡುತ್ತಿರುತ್ತದೆ, ನಾನು ಅಂಗಡಿಯ ಗಾಜಿನ ಹೊರಗೆ ನಿಂತವಳ ಹಾಗೆ ನೋಡುತ್ತಿರುತ್ತೇನೆ. ನಿನ್ನ ಕಾಗದ ಬಂದ ದಿನ ಮಾತ್ರ ಯಾರೋ ನನ್ನ ಜೊತೆ ಪೂರ್ತಿ ಮಾತಾಡಿದ ಹಾಗಾಗುತ್ತದೆ.

ಇನ್ನೊಂದು ಸುದ್ದಿ. ಕಟ್ಟಡದ ಯಜಮಾನ ಈ ಸಾಲನ್ನೆಲ್ಲ ಕೆಡವುತ್ತಾನಂತೆ. ಗ್ಯಾರೇಜನ್ನೂ ಅದರ ಹಿಂದಿನ ಮನೆಯನ್ನೂ ಅಕ್ಟೋಬರ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಅವನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ. ಕಿವುಡಿಗೆ ಕಣ್ಣೂ ಮಂದ ಎಂದುಕೊಂಡಿದ್ದಾನೆ.

ಅಕ್ಕ


ಜುಲೈ ೩೦

ಅಕ್ಕ,

ಕಿವಿಯ ವಿಷಯ ಓದಿ ಹೊರಗೆ ಹೋಗಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಸಿಟ್ಟು ಬರುತ್ತದೆ. ಹೇಳಿಸಿಕೊಳ್ಳಲು ನಾನು ಎಲ್ಲಿದ್ದೆ ಎಂದು ಆಮೇಲೆ ಅನ್ನಿಸುತ್ತದೆ.

ಎಂಜಿನ್ನಿನ ಮಾತು ಹೇಳುತ್ತೇನೆ, ಅದಾದರೆ ಬರುತ್ತದೆ. ಮೂರೂ ಉಸಿರು ಒಂದೇ ಸಮ ಮೆತ್ತಗಿದ್ದರೆ ರೋಟರ್ ತಪ್ಪಲ್ಲ. ರೋಟರಿನ ತಗ್ಗಿನಿಂದ ಸೋರುತ್ತಿದ್ದರೆ ಆ ಮೂಲೆಯ ಅಕ್ಕಪಕ್ಕ ಮಾತ್ರ ಮೆತ್ತಗಿರುತ್ತಿತ್ತು. ಇದು ಹೌಸಿಂಗಿನದೇ. ಪ್ರತಿ ಸೀಲೂ ಆ ಹೊಪ್ಪಳೆ ದಾಟುವಾಗ ಒಂದಿಷ್ಟು ಸೋರುತ್ತಿದೆ. ಇಂಥ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಆಗುತ್ತದೆ. ಓಡುತ್ತಾ ಇದ್ದರೆ ಓಡುತ್ತದೆ. ಬಿಸಿಯಾದ ಮೇಲೆ ನಿಲ್ಲಿಸಿದರೆ, ಪೂರ್ತಿ ಆರುವವರೆಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಓಡಿದಷ್ಟೂ ಹೊಪ್ಪಳೆ ದೊಡ್ಡದಾಗುತ್ತದೆ.

ಮತ್ತೆ ಕೇಳುತ್ತಿದ್ದೇನೆ. ಎಷ್ಟು ದೂರ? ಗ್ಯಾರೇಜು ಖಾಲಿ ಮಾಡಿದ ಮೇಲೆ ನೀನು ಎಲ್ಲಿಗೆ ಹೋಗುತ್ತೀಯ? ಇದು ಹೇಳದಿದ್ದರೆ ನಾನು ಯಾವ ಬಣ್ಣದ ವಾಷರನ್ನೂ ಕಳಿಸುವುದಿಲ್ಲ.

ನಿನ್ನ ತಮ್ಮ


ಆಗಸ್ಟ್ ೨೧

ತಮ್ಮನಿಗೆ,

ನಾಲ್ಕು ಕಾಗದ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಪೋಸ್ಟ್ ಮಾಡಬೇಕೆಂದು ಚಪ್ಪಲಿ ಹಾಕಿಕೊಂಡೇ ಕೂತು ಬರೆಯುತ್ತಿದ್ದೇನೆ.

ಎಷ್ಟು ದೂರ ಎಂದರೆ, ನಿನ್ನಲ್ಲಿಯವರೆಗೆ.

ಫೆಬ್ರವರಿಯಲ್ಲಿ ಟಾರ್ಪಾಲು ತೆಗೆಯುವಾಗಲೇ ಅದು ತಲೆಯಲ್ಲಿತ್ತು. ಗೋಡೆ ಅಳೆಯುವವರು ಆಗಲೇ ಬಂದು ಹೋಗಿದ್ದರು. ಬಸ್ಸಿಲ್ಲವಾ ಎಂದು ಕೇಳುತ್ತೀಯ. ಇದೆ, ಗುಡ್ಡದ ಬುಡದವರೆಗೆ ಬರುತ್ತದೆ, ವಿಚಾರಿಸಿದ್ದೇನೆ. ಬಸ್ಸಿನಲ್ಲಿ ಬಂದವರಿಗೆ ಕೈಗೆ ನೀರು ಕೊಟ್ಟ ಮೇಲೆ, ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ನೀನು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಆದರೂ ಕೇಳುತ್ತೀಯ. ನಾನು ಚೀಲ ಮಡಿಲಲ್ಲಿಟ್ಟುಕೊಂಡು ಸಮಯ ಹೇಳಬೇಕು. ಕಾರಿನಲ್ಲಿ ಬಂದರೆ ಎಂಜಿನ್ ನೋಡಲು ನೀನು ಹೊರಗೆ ಬಂದೇ ಬರುತ್ತೀಯ. ಬಾನೆಟ್ ಎತ್ತುತ್ತೀಯ. ಬಾನೆಟ್ ಎತ್ತಿದ ಮೇಲೆ ನಾವಿಬ್ಬರೂ ಏನಾದರೂ ಒಂದು ಮಾತಾಡುತ್ತೇವೆ. ನನಗೆ ಕೇಳಿಸದಿದ್ದರೂ, ನೀನು ಎಂಜಿನ್ನಿನ ಮೇಲೆ ಬೆರಳಿಟ್ಟು ಹೇಳಿದ್ದು ನನಗೆ ಅರ್ಥವಾಗುತ್ತದೆ.

ಇರಲು ಬರುತ್ತೇನೆ ಎಂದು ನಾನು ಬರೆದಿಲ್ಲ. ನಿನ್ನದು ಒಂದೇ ಕೋಣೆ ಎಂದು ಓದಿದ್ದೇನೆ. ದರ್ಜಿ ನನಗಾಗಿ ಒಂದು ಕೋಣೆ ನೋಡಿಟ್ಟಿದ್ದಾನೆ, ಮೂರನೇ ಮಹಡಿ, ಕೆಳಗೆ ಬೇಕರಿ, ಬೆಚ್ಚಗಿರುತ್ತದಂತೆ. ನಿನ್ನ ವಾಷರ್ ಕಬ್ಬಿಣದ್ದಾದರೆ ಕಾರನ್ನು ಗುಜರಿಗೆ ಹಾಕಿ ಅಲ್ಲಿಗೆ ಹೋಗುತ್ತೇನೆ, ಮುನಿಸಿಕೊಳ್ಳುವುದಿಲ್ಲ. ಆದರೆ ಈ ಸಲ ನನ್ನ ಮುಖ ನೋಡಿ ಹಾಕಬೇಡ. ಹೌಸಿಂಗ್ ನೋಡಿ ಹಾಕು. ನನಗೆ ಕರುಣೆಯ ಹಿತ್ತಾಳೆ ಬೇಡ, ಅದನ್ನು ನಂಬಿ ಹೊರಟರೆ ಗುಡ್ಡದ ನಡುವೆ ನಿಲ್ಲುವವಳು ನಾನು.

ಪೋಸ್ಟ್ ಮುಚ್ಚುವ ಹೊತ್ತಾಯಿತು.

ನಿನ್ನ ಅಕ್ಕ


ಸೆಪ್ಟೆಂಬರ್ ೨೫

ತಮ್ಮನಿಗೆ,

ಕಾಗದ ಬರಲಿಲ್ಲ. ಪೋಸ್ಟಿನವನು ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸುತ್ತಾನೆ, ಇಲ್ಲ ಎಂದು.

ಎಂಜಿನನ್ನು ಕಾರಿಗೆ ಕೂರಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಸ್ಟೇರಿಂಗ್ ನಡುಗಿದ ಮೇಲೆ ಗೊತ್ತಾಯಿತು, ಎಂಜಿನ್ ಓಡುತ್ತಿದೆ ಎಂದು. ದರ್ಜಿ ಅಂಗಡಿಯಿಂದ ಓಡಿ ಬಂದು ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ತಿರುಗಿಸಿದೆ. ಸ್ಟಾರ್ಟ್ ಆಗಲಿಲ್ಲ. ನೀನು ಹೇಳಿದ ಹಾಗೇ.

ನಿನ್ನ ಮೌನವೇ ಉತ್ತರ ಎಂದು ತಿಳಿದುಕೊಂಡಿದ್ದೇನೆ. ಅಕ್ಟೋಬರ್ ಹತ್ತಕ್ಕೆ ಗುಜರಿಯವನಿಗೆ ಬರಲು ಹೇಳಿದೆ. ಬೇಸರ ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಸೆಪ್ಟೆಂಬರ್ ೩೦

ಅಕ್ಕ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಸಿಕ್ಕಿತು. ಅಂಚೆಯನ್ನು ನಂಬದೆ ಇದನ್ನು ನೀರಿನ ಇಲಾಖೆಯ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ನೀನು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರಬೇಕು ಎಂದು ಹೇಳಿದ್ದೇನೆ. ಗುಜರಿಯವನಿಗೆ ಬೇಡ ಎಂದು ಹೇಳು.

ತಡ ಮಾಡಿದ್ದು ಮನಸ್ಸಿಲ್ಲದೆ ಅಲ್ಲ. ಹೌಸಿಂಗ್ ನೋಡಿ ಹಾಕು ಎಂದು ಬರೆದೆ. ಹೌಸಿಂಗನ್ನು ನೀನು ನೋಡಿದ್ದೀಯ, ನಾನು ನೋಡಬೇಕಾದದ್ದು ದಾರಿ. ರಜೆ ಕೊಡಿ ಎಂದು ಅರ್ಜಿ ಹಾಕಿ, ಬದಲಿಗೆ ಬರುವವನನ್ನು ಕಾದು, ಮೀಟರಿನವನ ಮೋಟಾರ್ ಸೈಕಲ್ ಕೇಳಿ ತೆಗೆದುಕೊಂಡು ಇಲ್ಲಿಂದ ನಿಮ್ಮ ಊರಿನ ಹೊರಗಿನ ಸೇತುವೆಯವರೆಗೆ ಹೋಗಿ ಬಂದೆ. ಒಳಗೆ ಬರಲಿಲ್ಲ. ಬಂದಿದ್ದರೆ ದಾರಿಯ ಲೆಕ್ಕವೆಲ್ಲ ಮರೆತು ಹೋಗುತ್ತಿತ್ತು. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನೆರಳು ಎಂದು ನೋಡಿಕೊಂಡು ಬಂದಿದ್ದೇನೆ.

ಬೆಳಕು ಹರಿಯುತ್ತಲೇ ಹೊರಡು, ಎಂಜಿನ್ ತಣ್ಣಗಿರುವಾಗ. ಬಯಲು ರಸ್ತೆಯಲ್ಲಿ ಎಲ್ಲೂ ನಿಲ್ಲಿಸಬೇಡ, ಯಾರು ಕೈ ಅಡ್ಡ ಹಿಡಿದರೂ. ಏರು ಶುರುವಾಗುವ ಮೊದಲು ಎಡಗಡೆ ಒಂದು ಪೆಟ್ರೋಲ್ ಬಂಕ್ ಇದೆ. ತುಂಬಿಸಿಕೊಂಡು, ಅಲ್ಲಿಯೇ ಹಿಂದೆ ಮರದ ನೆರಳಿಗೆ ತಳ್ಳಿಸಿ ನಿಲ್ಲಿಸು. ಬಂಕಿನವನಿಗೆ ಹೇಳಿಟ್ಟಿದ್ದೇನೆ, ಕಿವಿ ಕೇಳಿಸದ ಒಬ್ಬರು ಬರುತ್ತಾರೆ, ಅವರು ನನ್ನ ಅಕ್ಕ ಎಂದು. ಬಾನೆಟ್ ತೆಗೆದು ಊಟ ಮಾಡಿ ಮಲಗು. ಹೌಸಿಂಗಿನ ಮೇಲೆ ಅಂಗೈ ಇಟ್ಟರೆ ಬಿಸಿ ತಾಗಬಾರದು, ಅಲ್ಲಿಯವರೆಗೆ ಕೀಲಿ ಮುಟ್ಟಬೇಡ. ಆಮೇಲೆ ಏರು. ಗೇರ್ ಇಳಿಸಿಕೊಂಡು ಒಂದೇ ಸಮ ಹತ್ತು, ತಿರುವಿನಲ್ಲಿ ಕಾಲು ಎತ್ತಬೇಡ. ನಾನು ಕೊನೆಯ ತಿರುವಿನಲ್ಲಿ ನಿಂತಿರುತ್ತೇನೆ. ಆ ಸದ್ದು ನನಗೆ ಗುಡ್ಡದ ಬುಡದಿಂದಲೇ ಕೇಳಿಸುತ್ತದೆ.

ಇದರಲ್ಲಿ ವಾಷರ್ ಇಟ್ಟಿಲ್ಲ. ಗುಟ್ಟಾಗಿ ಹಾಕುವಂಥದ್ದು ಏನೂ ಉಳಿದಿಲ್ಲ, ನೇರವಾಗಿಯೇ ಬರೆಯುತ್ತೇನೆ. ಹೌಸಿಂಗ್ ನೋಡಿ ಹೇಳಬೇಕಾದ ಮಾತು ಇದು. ಆ ಎಂಜಿನ್ ಇಲ್ಲಿಯವರೆಗೆ ಬರುತ್ತದೆ. ಈ ಏರು ಹತ್ತಿದ ಮೇಲೆ ಹೊಪ್ಪಳೆ ದೊಡ್ಡದಾಗಿ, ವಾಪಸ್ ಅಷ್ಟು ದೂರ ಓಡುವ ದಮ್ಮು ಅದಕ್ಕೆ ಇರುವುದಿಲ್ಲ. ಅದನ್ನು ನಾನು ರಿಪೇರಿ ಮಾಡಿಕೊಡುವುದೂ ಇಲ್ಲ. ಅದೇ ಹೌಸಿಂಗ್ ಇಟ್ಟುಕೊಂಡು ಬಾ.

ನಿನ್ನ ತಮ್ಮ